ಹಸಿರು ಹೈಡ್ರೋಜನ್ನಿಗೆ ಜೈ, ನಲ್ಲಿಗೆ ರಜೆ

ಹೈಡ್ರೋಜನ್ ಬಸ್ಸಿನ ಹಿಂದೆ ಹೊಗೆ ಬರುವುದಿಲ್ಲವಂತೆ, ಬರೀ ನೀರು ಬರುತ್ತದಂತೆ. ಹೂಡಿಕೆದಾರರ ಸಮಾವೇಶಗಳಲ್ಲಿ ಈ ಮಾತಿಗೆ ಒಳ್ಳೆ ಚಪ್ಪಾಳೆ. ಮಂಗಳೂರಿನ ನಾವೂ ತಟ್ಟೋಣ. ಬೇಸಿಗೆಯಲ್ಲಿ ನಲ್ಲಿ ಬಂದ್ ಆದರೆ ಕೊಡ ಹಿಡಿದು ಬಸ್ಸಿನ ಹಿಂದೆ ಓಡಿದರಾಯ್ತು. ಬೇರೆ ಊರಲ್ಲಾದರೆ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಫ್ರೀ ಇರಬಹುದು. ನಮ್ಮೂರಲ್ಲಿ ಖಾಸಗಿ ಬಸ್ಸೇ ಜಾಸ್ತಿ. ಕೊಡಕ್ಕೂ ಟಿಕೆಟ್ ಹರಿಯುತ್ತಾರೆ.

ಆ ನೀರು ಮೊದಲು ಎಲ್ಲಿಂದ ಬಂತು ಅಂತ ಮಾತ್ರ ಕೇಳಬಾರದು. ಹಸಿರು ಹೈಡ್ರೋಜನ್ ಅಂದರೆ ಹೆಚ್ಚಾಗಿ ಬಿಸಿಲು-ಗಾಳಿಯ ಕರೆಂಟಿನಲ್ಲಿ ನೀರನ್ನು ಒಡೆದು ತೆಗೆಯುವ ಇಂಧನ. ಒಂದು ಕೆಜಿ ಬೇಕಾದರೆ 9 ಲೀಟರ್ ನೀರು ಒಡೆಯಬೇಕು. ಶುದ್ಧ ಮಾಡುವಾಗ ಪೋಲಾಗುವುದು, ಯಂತ್ರ ತಂಪು ಮಾಡುವುದು ಸೇರಿದರೆ 20 ಲೀಟರ್ ದಾಟುವುದೂ ಉಂಟು. ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿದ ಅಣೆಕಟ್ಟಿನಿಂದ ನಾವು ಕುಡಿಯುವ ನೀರು ಅದಕ್ಕೆ ನೇರವಾಗಿ ಆಗುವುದಿಲ್ಲ. ಉಪ್ಪಿನ ಅಂಶ ಚೂರೂ ಇರಬಾರದು. ಮೊದಲ ದೀಪಾವಳಿಗೆ ಬಂದ ಅಳಿಯನೂ ಇಷ್ಟು ನಖರಾ ಮಾಡಲಿಕ್ಕಿಲ್ಲ. ಜನರ ಪಾಲಿಗೆ ಬೇರೆ ಲೆಕ್ಕ. ಕೋಲಾರದ ಕೆರೆಗಳಿಗೆ ಬೆಂಗಳೂರಿನ ಕೊಳಚೆಯನ್ನು ಎರಡೇ ಹಂತ ಶುದ್ಧ ಮಾಡಿ ಬಿಡುತ್ತಾರೆ. ಮೂರನೇ ಹಂತ ಮಾಡಿ ಅಂದರೆ ದುಡ್ಡಿಲ್ಲ. ಆ ಕಡೆಯವರಿಗಾಗಿಯೇ ನೇತ್ರಾವತಿಯ ತಲೆಯಲ್ಲಿ ಅದಕ್ಕೆ ಸೇರುವ ಎತ್ತಿನಹೊಳೆಯ ನೀರು ತಿರುಗಿಸಿದ್ದಾರೆ ಅನ್ನಿ. 23 ಸಾವಿರ ಕೋಟಿಯ ಅಂದಾಜು, 2024ರ ಗೌರಿ ಹಬ್ಬದ ದಿನ ಮೊದಲ ಹಂತದ ಉದ್ಘಾಟನೆಯೂ ಆಯಿತು. ತಲೆಯಲ್ಲಿ ಎತ್ತಿನಹೊಳೆ, ಬುಡದಲ್ಲಿ ಕಾರ್ಖಾನೆ, ನಡುವೆ ನಮ್ಮ ಕೊಡ.

ದೆಹಲಿಯ ಗುರಿ 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್. ಲೀಟರ್ ಲೆಕ್ಕ ಹಾಕಿದರೆ ಇಡೀ ದೇಶಕ್ಕೆ ಮೂರು-ನಾಲ್ಕು ಟಿಎಂಸಿ. ಇಷ್ಟೇನಾ ಅನ್ನುತ್ತಾರೆ ಸಾಹೇಬರು. ನಿಜ, ಇಷ್ಟೇ. ಆದರೆ ದೇಶದ ಸರಾಸರಿ ನೀರು ಯಾರ ಮನೆ ನಲ್ಲಿಗೂ ಬರುವುದಿಲ್ಲ ಸ್ವಾಮಿ. ಮೇ ತಿಂಗಳಲ್ಲಿ ತುಂಬೆಯಲ್ಲಿ ಉಳಿದದ್ದೇ ಬರಬೇಕು. 2016ರಲ್ಲಿ, ಮತ್ತೆ 2019ರಲ್ಲಿ, ನೇತ್ರಾವತಿ ಸೊರಗಿ ನಮ್ಮೂರ ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್ ಘಟಕಗಳನ್ನೇ ನಿಲ್ಲಿಸಿತ್ತು ಅಲ್ವಾ? ಆಮೇಲೆ ಕಂಪನಿ ತಣ್ಣೀರುಬಾವಿಯಲ್ಲಿ ಸಮುದ್ರದ ನೀರು ಸಿಹಿ ಮಾಡುವ ಘಟಕ ಕಟ್ಟಿತು. ದಿನಕ್ಕೆ 3 ಕೋಟಿ ಲೀಟರ್. ಮಿಕ್ಕ ಗಟ್ಟಿ ಉಪ್ಪುನೀರು ಮೀನುಗಾರರ ಕಡೆ ಹೋಗುತ್ತದೆ, ಅದು ಬೇರೆ ಜಗಳ.

2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಾನದಂಡ ಹೊರಡಿಸಿತು. ಕೆಜಿ ಹೈಡ್ರೋಜನ್‌ಗೆ ಇಂಗಾಲದ ಡೈಆಕ್ಸೈಡ್ 2 ಕೆಜಿ ಮೀರದಿದ್ದರೆ ಹಸಿರು ಮುದ್ರೆ. ಹೊಗೆಗೆ ಮಿತಿ ಉಂಟು, ನೀರಿಗೆ ಇಲ್ಲ. ಊರಿನ ಬಾವಿ ಬತ್ತಿಸಿದರೂ ಮುದ್ರೆ ಅಳಿಸುವುದಿಲ್ಲ.

ಸಿಟ್ಟು ಬರುವುದು ಇಲ್ಲೇ. ಸಮುದ್ರದ ನೀರನ್ನೇ ಬಳಸಿದರೆ ಕೆಜಿಗೆ ಹೆಚ್ಚಾಗುವುದು ಕೆಲವೇ ರೂಪಾಯಿ. ಕೆಜಿಗೆ ನೂರಾರು ರೂಪಾಯಿಯ ಸರಕಿಗೆ ಅದೇನು ಭಾರವೂ ಅಲ್ಲ. ಕರಾವಳಿಯಲ್ಲಿ ಹೈಡ್ರೋಜನ್ ಮಾಡುವವರು ನದಿಗೆ ಪೈಪ್ ಹಾಕುವ ಹಾಗಿಲ್ಲ ಅಂತ ಒಂದು ಸಾಲು ಬರೆಯಿರಿ ಅಂದರೆ ಯಾರ ಜೇಬಲ್ಲೂ ಪೆನ್ನು ಇರುವುದಿಲ್ಲ. ಒಡಂಬಡಿಕೆಗೆ ಸಹಿ ಹಾಕುವಾಗ ಮಾತ್ರ ಎಲ್ಲರ ಹತ್ತಿರ ಎರಡೆರಡು.