ಪಾದದ ಗಾಯ ಮಾತ್ರೆಯಿಂದಷ್ಟೇ ಮಾಯುವುದಿಲ್ಲ

ಸಕ್ಕರೆ ಕಾಯಿಲೆಯವರ ಪಾದಕ್ಕೆ ಶಸ್ತ್ರಚಿಕಿತ್ಸೆಯಾಗಿ, ಹೊಲಿಗೆ ಬಿಟ್ಟುಕೊಂಡು ಕೀವು ಕಾಣಿಸಿಕೊಂಡಾಗ ಮನೆಯವರು ಮೊದಲು ಕೇಳುವುದು ಇನ್ನೂ ಒಳ್ಳೆಯ ಆ್ಯಂಟಿಬಯೋಟಿಕ್ ಇಲ್ಲವೇ ಎಂದು. ಸೋಂಕಿದ್ದರೆ ಅದು ಬೇಕೇ ಬೇಕು. ಆದರೆ ಪಾದಕ್ಕೆ ಸಾಕಷ್ಟು ರಕ್ತ ಹರಿಯದಿದ್ದರೆ, ಅಥವಾ ರೋಗಿ ಗಾಯದ ಮೇಲೆಯೇ ಭಾರ ಹಾಕಿ ಓಡಾಡುತ್ತಿದ್ದರೆ, ಎಷ್ಟು ದುಬಾರಿ ಔಷಧಿ ಕೊಟ್ಟರೂ ಗಾಯ ಕೂಡುವುದಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಪಟ್ಟಿ ಉದ್ದವಾಗಿದ್ದು, ಕಾಲು ಊರುವ ವಿಚಾರ ಒಂದೇ ಸಾಲಿನಲ್ಲಿ ಮುಗಿದುಹೋಗುವುದಕ್ಕೆ ನನ್ನ ಬಲವಾದ ಆಕ್ಷೇಪವಿದೆ.

ನಮ್ಮ ಸೋದರಮಾವನವರ ಹೆಬ್ಬೆರಳು ತೆಗೆದ ಮೇಲೆ ಮನೆಯಲ್ಲಿ ಡ್ರೆಸ್ಸಿಂಗ್ ಮಾಡುತ್ತಿದ್ದವನು ನಾನು. ಒಣಗಿ ಅಂಟಿಕೊಂಡ ಗಾಜ್ ಬಟ್ಟೆಯನ್ನು ಎಳೆದರೆ ಹೊಸದಾಗಿ ಹುಟ್ಟಿದ ಕೆಂಪು ಮಾಂಸವೂ ಕಿತ್ತುಬರುತ್ತದೆ. ಸಲೈನ್ ಹನಿಸಿ, ಅದು ತಾನಾಗಿ ಸಡಿಲವಾಗುವವರೆಗೆ ಕಾಯಬೇಕು. ಗಾಯದ ಅಂಚು ಬೆಳ್ಳಗೆ ನೆನೆದು ಸುಕ್ಕುಗಟ್ಟಿದ್ದರೆ ರಸ ಹೆಚ್ಚು ಸೋರುತ್ತಿದೆ ಎಂದರ್ಥ, ಕಪ್ಪಾಗುತ್ತಿದ್ದರೆ ಅಲ್ಲಿಗೆ ರಕ್ತ ತಲುಪುತ್ತಿಲ್ಲವೆಂದು ಶಂಕಿಸಬೇಕು. ಅರಿಸಿನ, ಕಾಫಿಪುಡಿ ಹಾಕಿ ಎಂದು ಬಂದವರೆಲ್ಲ ಪ್ರೀತಿಯಿಂದಲೇ ಹೇಳುತ್ತಾರೆ, ದಯವಿಟ್ಟು ಹಾಕಬೇಡಿ.

“ನೋವೇ ಇಲ್ಲವಲ್ಲಪ್ಪ, ಬಚ್ಚಲಿಗೆ ಹೋಗಿ ಬಂದರೆ ಏನಾಗುತ್ತೆ?” ಎಂದು ಮಾವ ಕೇಳುತ್ತಿದ್ದರು. ನರಗಳು ಸೂಕ್ಷ್ಮತೆ ಕಳೆದುಕೊಂಡ ಪಾದಕ್ಕೆ ನೋವಿಲ್ಲದಿರುವುದೇ ಅಪಾಯ. ವೆಲ್ಲೂರಿನಲ್ಲಿ ಕುಷ್ಠರೋಗಿಗಳಿಗೆ ಚಿಕಿತ್ಸೆ ನೀಡುತ್ತಿದ್ದ ಡಾ. ಪಾಲ್ ಬ್ರಾಂಡ್, ಜೋಮು ಹಿಡಿದ ಪಾದದ ಹುಣ್ಣಿಗೆ ಮತ್ತೆ ಮತ್ತೆ ಬೀಳುವ ಒತ್ತಡವೇ ಮುಖ್ಯ ಕಾರಣವೆಂದು ತೋರಿಸಿ, ಪ್ಲಾಸ್ಟರ್ ಕಟ್ಟಿ ಆ ಒತ್ತಡವನ್ನು ಹಂಚಿ ಗಾಯ ಮಾಯಿಸುತ್ತಿದ್ದರು. ಸಕ್ಕರೆ ಕಾಯಿಲೆಯವರ ಪಾದದಡಿಯ ಹುಣ್ಣಿಗೂ ಅದೇ ತತ್ತ್ವ ಅನ್ವಯಿಸುತ್ತದೆ.

ರಕ್ತಪ್ರವಾಹದ ಪರೀಕ್ಷೆಯನ್ನು ಕೇಳಿಯಾದರೂ ಮಾಡಿಸಿಕೊಳ್ಳಿ. ಕಣಕಾಲಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ರಕ್ತನಾಳ ಕಿರಿದಾಗಿರುವ ಸಾಧ್ಯತೆಯಿದೆ. ಸಕ್ಕರೆ ಕಾಯಿಲೆಯಲ್ಲಿ ನಾಳಗಳು ಗಡುಸಾಗಿ ಈ ಸಂಖ್ಯೆ ಸುಳ್ಳಾಗಿ ಚೆನ್ನಾಗಿ ಕಾಣುವುದೂ ಉಂಟಾದ್ದರಿಂದ, ಗಾಯ ಮಾಯದಿದ್ದಾಗ ಡಾಪ್ಲರ್ ಸ್ಕ್ಯಾನ್ (ಧ್ವನಿತರಂಗದಿಂದ ರಕ್ತದ ಹರಿವು ನೋಡುವ ಪರೀಕ್ಷೆ) ಅಥವಾ ಕಾಲ್ಬೆರಳಿನ ರಕ್ತದೊತ್ತಡದ ಪರೀಕ್ಷೆಯ ಬಗ್ಗೆಯೂ ವೈದ್ಯರನ್ನು ವಿಚಾರಿಸಿ. ವೈದ್ಯರು ಆಳ ಪರೀಕ್ಷಿಸಲು ಗಾಯದೊಳಗೆ ಹಾಕಿದ ಲೋಹದ ಕಡ್ಡಿ ಮೂಳೆಗೆ ತಾಗಿದರೆ ಮೂಳೆಗೂ ಸೋಂಕು ತಗುಲಿದೆಯೇ ಎಂದು ನೋಡಲೇಬೇಕು.

ಮನೆಗೆ ಕಳುಹಿಸುವ ಮೊದಲು ಮನೆಯವರೊಬ್ಬರ ಕೈಯಲ್ಲಿ ನರ್ಸ್ ಒಮ್ಮೆ ಡ್ರೆಸ್ಸಿಂಗ್ ಮಾಡಿಸಿ ನೋಡಬೇಕು, ವಾಕರ್ ಮತ್ತು ಪಾದದ ಭಾರ ತಗ್ಗಿಸುವ ಚಪ್ಪಲಿಯನ್ನು ಆಗಲೇ ಕೊಡಿಸಬೇಕು. ಕೆಂಪು ಹರಡಿದರೆ, ದುರ್ವಾಸನೆ ಬಂದರೆ, ಚಳಿಜ್ವರ ಬಂದರೆ ಅಥವಾ ಸಕ್ಕರೆ ಇದ್ದಕ್ಕಿದ್ದಂತೆ ಏರಿದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ. ಇಂಥ ರೋಗಿಗಳಲ್ಲಿ ಜ್ವರವಿಲ್ಲದೆಯೂ ಸೋಂಕು ಆಳಕ್ಕೆ ಇಳಿದಿರಬಹುದು.