26ನೇ ಕೆಜಿ

ನಮ್ಮನೇಲಿ ತಿಂಗಳ ಸಾಮಾನಿಗೆ ಅಂತ ಎತ್ತಿಡೋದು 6 ಸಾವಿರ. ತಿನ್ನೋರು ಐದು ಜನ, ಅದರಲ್ಲಿ ಒಬ್ಬ ಬೆಳೆಯೋ ಹುಡುಗ, ಅವನನ್ನ ಎರಡು ತಲೆ ಅಂತಾನೇ ಲೆಕ್ಕ ಹಿಡೀಬೇಕು. ಹಾಗಾಗಿ ವಾರದಲ್ಲಿ ಮೂರು ದಿನ ಬಸ್ಸಾರು ಗ್ಯಾರಂಟಿ. ಒಂದು ಕಟ್ಟು ದಂಟಿನ ಸೊಪ್ಪು, ಮುಕ್ಕಾಲು ಪಾವು ತೊಗರಿಬೇಳೆ ಬೇಯ್ಸಿ ಬಸಿದ್ರೆ ಆ ನೀರಲ್ಲಿ ಸಾರಾಯ್ತು, ಮಿಕ್ಕಿದ್ದಕ್ಕೆ ಒಗ್ಗರಣೆ ಬಿದ್ರೆ ಪಲ್ಯ ಆಯ್ತು, ಗ್ಯಾಸ್ ಖರ್ಚು ಒಂದೇ ಸಲ. ಅಡುಗೆಗೆ ಕೈಗುಣ ಬೇಕು ಅಂತಿದ್ರು ಹಿಂದಿನೋರು. ಈಗ ಕ್ಯಾಲ್ಕುಲೇಟರ್ ಇದ್ರೆ ಸಾಕು, ಕೈಗುಣ ಆಮೇಲೆ ನೋಡ್ಕೊಳ್ಳೋಣ.

ಅಕ್ಕಿ ವಿಷಯಕ್ಕೇ ಬನ್ನಿ. ಮೊನ್ನೆ ಅಂಗಡಿಗೆ ಹೋಗಿ "ಶೆಟ್ರೇ, 25 ಕೆಜಿ ಸೋನಾ ಮಸೂರಿ ಕೊಡಿ" ಅಂದೆ.

"25 ಯಾರ್ ತಗೋತಾರೆ ಸಾರ್ ಈಗ, 26 ತಗೊಳ್ಳಿ."

"ಒಂದ್ ಕೆಜಿ ಫ್ರೀನಾ?"

"ಫ್ರೀ ಅಲ್ಲ ಸಾರ್, ಟ್ಯಾಕ್ಸ್ ಫ್ರೀ."

ವಿಷಯ ಏನಪ್ಪಾ ಅಂದ್ರೆ 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಅಂಟಿಸಿದ ಅಕ್ಕಿ ಬೇಳೆ ಹಿಟ್ಟಿಗೆಲ್ಲ 5 ಪರ್ಸೆಂಟ್ ಜಿಎಸ್‌ಟಿ, ಆದ್ರೆ ಮೂಟೆ 25 ಕೆಜಿ ದಾಟಿದ್ರೆ ಇಲ್ಲ. ಕೆಜಿಗೆ 60 ಅಂತ ಇಟ್ಕೊಳ್ಳಿ, 25 ಕೆಜಿಗೆ 1500, ತೆರಿಗೆ 75, ಒಟ್ಟು 1575. ಅದೇ 26 ಕೆಜಿಗೆ 1560! ಜಾಸ್ತಿ ಅಕ್ಕಿಗೆ ಕಮ್ಮಿ ದುಡ್ಡು. ಕೂಲಿ ಮುಗಿಸ್ಕೊಂಡು ಬರ್ತಾ 2 ಕೆಜಿ ಪ್ಯಾಕೆಟ್ ಸೆರಗಲ್ಲಿ ಮುಚ್ಕೊಂಡು ಹೋಗೋ ಹೆಂಗಸು ತೆರಿಗೆ ಕಟ್ಟಿ ದೇಶ ನಡೆಸ್ಬೇಕು, ಕಾರಿನ ಡಿಕ್ಕಿಗೆ 26 ಕೆಜಿ ಎಸ್ಕೊಂಡು ಹೋಗೋನು ಬರೀ ಮೂಟೆ ಹೊತ್ರೆ ಆಯ್ತು.

ಬಡವರು ಏನ್ ಮಾಡ್ಬೇಕು ಅಂತ ಆಗಲೇ ಕೇಳಿದ್ರು ಜನ. ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಮಾರನೇ ದಿನವೇ 14 ಸಾಮಾನಿನ ಪಟ್ಟಿ ಹಾಕಿ, ಇವನ್ನ ಲೂಸ್ ಆಗಿ ತಗೊಂಡ್ರೆ ತೆರಿಗೆ ಇಲ್ಲ ಅಂದ್ರು. ಅಕ್ಕಿ, ಗೋಧಿ, ರವೆ, ಕಡ್ಲೆಹಿಟ್ಟು, ಪುರಿ ಎಲ್ಲ ಸರಿ, ಕೊನೇಲಿ ಮೊಸರು, ಲಸ್ಸಿ. ಲೂಸ್ ಲಸ್ಸಿ! ಚೊಂಬು ಹಿಡ್ಕೊಂಡು ಹೋಗ್ಬೇಕೋ ಬೊಗಸೆ ಒಡ್ಬೇಕೋ ಅಂತ ಹೇಳ್ಲಿಲ್ಲ. ನಮ್ಮಜ್ಜಿ ಕಾಲದಲ್ಲಿ ಪೇಪರ್ ಪೊಟ್ಟಣ ಕಟ್ಟಿ ದಾರ ಸುತ್ತಿ ಕೊಡ್ತಿದ್ನಲ್ಲ ಅಂಗಡಿಯವನು, ಅವನೇ ಈ ದೇಶದ ಮೊದಲ ಟ್ಯಾಕ್ಸ್ ಕನ್ಸಲ್ಟೆಂಟು.

ದಿಲ್ಲಿಯೋರು ಕೆಜಿಯಲ್ಲಿ ಆಡಿದ್ರೆ ಬೆಂಗಳೂರಿನೋರು ಎಂಎಲ್‌ನಲ್ಲಿ. 2024ರ ಜೂನಲ್ಲಿ ನಂದಿನಿ ಹಾಲಿನ ಪ್ಯಾಕೆಟ್‌ಗೆ 50 ಎಂಎಲ್ ಸೇರಿಸಿ 2 ರೂಪಾಯಿ ಏರಿಸಿದ್ರು, ಅರ್ಧ ಲೀಟರ್ ನೀಲಿ ಪ್ಯಾಕೆಟ್ 22 ಇದ್ದಿದ್ದು 550 ಎಂಎಲ್ ಆಗಿ 24 ಆಯ್ತು. ಇದು ಬೆಲೆ ಏರಿಕೆ ಅಲ್ವೇ ಅಲ್ಲ, ಹಾಲು ಜಾಸ್ತಿ ಕೊಟ್ಟಿದೀವಿ ಅದಕ್ಕೆ ದುಡ್ಡು ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವಿವರಣೆ ಕೊಟ್ರು. ಲೆಕ್ಕ ಸರಿಯಾಗೇ ಇತ್ತು ಅನ್ನಿ, 50 ಎಂಎಲ್‌ಗೆ ಹಳೇ ರೇಟಲ್ಲಿ 2 ರೂಪಾಯಿ 20 ಪೈಸೆ ಆಗುತ್ತೆ, ಅಂದ್ರೆ ದಿನಾ 20 ಪೈಸೆ ನಮಗೇ ಲಾಭ! ಬೇಡ, ನಮಗೆ ಹಳೇ ಅರ್ಧ ಲೀಟರೇ ಸಾಕು ಅನ್ನೋಕೆ ಮಾತ್ರ ದಾರಿ ಇರ್ಲಿಲ್ಲ. ನನ್ನ ಹೆಂಡ್ತಿ ಆ 50 ಎಂಎಲ್‌ನ ಪಾಪ ದಂಡ ಮಾಡ್ಬಾರ್ದು ಅಂತ ಒಂದು ಲೋಟಕ್ಕೆ ಎತ್ತಿಟ್ಟು ಹೆಪ್ಪು ಹಾಕಿ ಮೊಸರನ್ನಕ್ಕೆ ದಾರಿ ಮಾಡ್ಕೊಂಡ್ಲು. ಅಷ್ಟು ರೂಢಿಯಾಗೋ ಹೊತ್ತಿಗೆ 2025ರ ಏಪ್ರಿಲ್ 1 ಬಂತು. (ತಾರೀಖು ನಾನು ಇಟ್ಟಿದ್ದಲ್ಲ.) ಅವತ್ತು 50 ಎಂಎಲ್ ವಾಪಸ್ ಹೋಯ್ತು, 24 ರೂಪಾಯಿ ಹಂಗೇ ಕೂತ್ಕೊಂಡ್ತು.

"ರೀ, ಹಾಲು ತಗೊಂಡೋದ್ರಲ್ಲ, ಅದರ ಜೊತೆ ಬಂದ 2 ರೂಪಾಯಿ ತಗೊಂಡೋಗೋದು ಮರೆತ್ರಾ?" ಅಂದ್ಲು.

ಲೋಟ ಇನ್ನೂ ಅಲ್ಲೇ ಇದೆ, ಈಗ ಅದರಲ್ಲಿ ಹುಣಸೆಹಣ್ಣು ನೆನೆಹಾಕ್ತಾಳೆ.

ಇನ್ನು ಆ 26 ಕೆಜಿ ಮೂಟೆ. ಎರಡನೇ ಮಹಡಿಗೆ ಹೊತ್ತಿದ್ದು ನಾನು, 25ಕ್ಕೂ 26ಕ್ಕೂ ಏನು ವ್ಯತ್ಯಾಸ ಅನ್ನೋದನ್ನ ನನ್ನ ಸೊಂಟ ಕೇಳಿ ಹೇಳ್ತೀನಿ. ಒಂದು ತಿಂಗಳ ಅಕ್ಕಿ ಅಲ್ಲ ಅದು, ಮಳೆಗಾಲದಲ್ಲಿ ಮೂಲೇಲಿ ಕೂತು ಕೂತು ನುಸಿ ಹಿಡೀತು. ಅಮ್ಮ ಬೇವಿನಸೊಪ್ಪು ಹಾಕಿದ್ರೂ ಬಗ್ಗಲಿಲ್ಲ. ಇವತ್ತು ಒಂದಿಷ್ಟು ಬಿಸಿಲು ಬಿತ್ತು ಅಂತ ಟೆರೇಸ್ ಮೇಲೆ ಹಳೇ ಸೀರೆ ಹಾಸಿ ಸುರಿದು, ಮೊರ ಹಿಡ್ಕೊಂಡು ಕೂತಿದಾಳೆ.

"ಏನಿಲ್ಲ ಅಂದ್ರೂ ಒಂದ್ ಕೆಜಿ ಹುಳಕ್ಕೇ ಹೋಯ್ತು ಕಣೋ."

"ಹೋಗ್ಲಿ ಬಿಡಮ್ಮ, ಅದು ಆ 26ನೇ ಕೆಜಿ."

ಅಮ್ಮ ಮೊರ ಕೆಳಗಿಟ್ಟು ನನ್ನನ್ನೇ ನೋಡಿದ್ಲು, ಅವಳಿಗೆ ಇದನ್ನೆಲ್ಲ ಹೇಳೋಕೆ ಹೋದ್ರೆ ಸಾರು ಕುದಿಯೋದೇ ನಿಲ್ಲುತ್ತೆ. ಪಶ್ಚಿಮಕ್ಕೆ ಮೋಡ ಬೇರೆ ಕಟ್ತಿದೆ, ಮೂಟೆ ಮತ್ತೆ ಕೆಳಗಿಳಿಸ್ಬೇಕು.