ಶೆಟ್ರಿಗೆ ಸರಿಯಾಗುವ ಜಾಕೆಟ್ಟು

ಬೈಕ್ ಓಡಿಸುವಾಗ ತೊಡಲು ಚರ್ಮದ ಜಾಕೆಟ್ಟೊಂದನ್ನು ಆನ್‌ಲೈನಿನಲ್ಲಿ ಕೊಳ್ಳಹೊರಟಿದ್ದೇನೆ. ಒಂದು ಕಂಪನಿಯ ಲೆಕ್ಕದಲ್ಲಿ ನಾನು ಮೀಡಿಯಂ. ಇನ್ನೊಂದರಲ್ಲಿ ಡಬಲ್ ಎಕ್ಸೆಲ್. ಮತ್ತೊಂದಕ್ಕೆ ನಾನು 50. ಅದು ವಯಸ್ಸಲ್ಲ, ಯುರೋಪಿನ ಸೈಜು. ಎದೆಯ ಸುತ್ತಳತೆ 100 ಸೆಂಟಿಮೀಟರ್ ಇದ್ದರೆ ಅದರ ಅರ್ಧ ಹೇಳುವುದು ಅಲ್ಲಿಯ ಪದ್ಧತಿ. ಅದೇ ಎದೆ ಅಮೆರಿಕದವರಿಗೆ 40 ಇಂಚು. ಇಷ್ಟೆಲ್ಲ ಕಲಿತು ಸೈಜ್ ಚಾರ್ಟ್ ತೆರೆದರೆ, ಕೊಟ್ಟಿರುವ ಅಳತೆ ಮೈಯದೋ ಜಾಕೆಟ್ಟಿನದೋ ಅಂತ ಎಲ್ಲೂ ಬರೆದಿರುವುದಿಲ್ಲ. ಪಕ್ಕದಲ್ಲಿ ಆರಡಿ ಮೀರಿದ ಮಾಡೆಲ್ ಒಬ್ಬ ಹೊಟ್ಟೆ ಎಂಬುದೇ ಇಲ್ಲದೆ ನಿಂತಿರುತ್ತಾನೆ, ತೊಟ್ಟಿರುವುದು ಲಾರ್ಜ್ ಅಂತೆ. ನಮ್ಮ ಮುಂಬೈಯ ಮುಲುಂಡಿನಲ್ಲಿ ಅಂಥವನೊಬ್ಬ ಈವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ. ಕೊಂಡವರ ಅಭಿಪ್ರಾಯ ಓದೋಣವೆಂದರೆ, "ಸೂಪರ್ ಜಾಕೆಟ್, ತಮ್ಮನಿಗೆ ಗಿಫ್ಟ್, ಪ್ಯಾಕ್ ಇನ್ನೂ ಬಿಚ್ಚಿಲ್ಲ." ಐದು ಸ್ಟಾರ್!

ಧಾರಾವಿಗೆ ಹೋಗಬಾರದೇ ಅಂತ ಎಲ್ಲರೂ ಕೇಳುತ್ತಾರೆ. ಹೋಗಿದ್ದೆ. ಸಾಯನ್ ಕಡೆಯಿಂದ ಹೋದರೆ ಸಾಲುಸಾಲು ಚರ್ಮದ ಅಂಗಡಿಗಳು, ಚಂದದ ಹೊಲಿಗೆ. ಆದರೆ ನನಗೆ ಅಲ್ಲಿ ತೋರಿಸಿದ್ದೆಲ್ಲ ರಿಸೆಪ್ಷನ್ನಿಗೆ ಹಾಕಿಕೊಂಡು ಹೋಗುವ ಮೆತ್ತನೆಯ ಕುರಿಚರ್ಮ. ಮಾಳಶೇಜ್ ಘಾಟಿಯಲ್ಲಿ ಜಾರಿ ಬಿದ್ದರೆ ಡಾಂಬರಿಗೆ ಉಜ್ಜಿಸಿಕೊಳ್ಳಲು ದಪ್ಪ ದನದ ಚರ್ಮ ಬೇಕು, ಭುಜಕ್ಕೆ ಮೊಣಕೈಗೆ ಪ್ಯಾಡ್ ಬೇಕು.

ಅದರ ಫಿಟ್ಟಿಂಗೇ ಬೇರೆ. ಬೈಕ್ ಜಾಕೆಟ್ಟು ನಿಂತವರಿಗಾಗಿ ಹೊಲಿದದ್ದಲ್ಲ. ತೋಳು ಮೊದಲೇ ಬಾಗಿರುತ್ತದೆ, ನಿಂತರೆ ಅಂಗೈವರೆಗೆ ಇಳಿಯುತ್ತದೆ. ಹ್ಯಾಂಡಲ್ ಹಿಡಿದು ಕೂತಾಗ ಸರಿಯಾಗಿ ಮಣಿಕಟ್ಟಿಗೆ ಬರಬೇಕು. ಸಡಿಲ ಇರಕೂಡದು, ಬಿದ್ದಾಗ ಮೊಣಕೈ ಪ್ಯಾಡು ಪಕ್ಕಕ್ಕೆ ಸರಿದುಬಿಡುತ್ತದೆ. ಬಳಸುತ್ತಾ ಚರ್ಮ ಸುತ್ತಳತೆಯಲ್ಲಿ ಒಂಚೂರು ಬಿಡುತ್ತದೆ, ಆದರೆ ತೋಳು ಉದ್ದವಾಗುವುದಿಲ್ಲ. ಹಾಗಾಗಿ ಪಾರ್ಸೆಲ್ ಬಂದಾಗಲೆಲ್ಲ ನಾನು ಸೋಫಾದ ಕೈಮೇಲೆ ಕಾಲು ಇಳಿಬಿಟ್ಟು ಕೂತು, ಮುಂದಕ್ಕೆ ಬಾಗಿ, ಗಾಳಿಯಲ್ಲಿ ಹ್ಯಾಂಡಲ್ ಹಿಡಿಯಬೇಕು. ಹೆಂಡತಿ ಅಡುಗೆಮನೆಯಿಂದಲೇ, "ಬರ್ತಾ ಕೊತ್ತಂಬರಿ ತನ್ನಿ" ಅನ್ನುತ್ತಾಳೆ.

ಇಷ್ಟನ್ನೂ ಸಹಿಸಬಹುದು. ಕೆಳಗಿನ ಮನೆಯ ಶೆಟ್ರನ್ನು ಸಹಿಸುವುದು ಕಷ್ಟ.

ಕುಂದಾಪುರದ ಕಡೆಯವರು, ಹೋಟೆಲಿನಿಂದ ನಿವೃತ್ತರು, ಒಳ್ಳೆಯ ಜನವೇ. ಆದರೆ ಯಾರ ವಸ್ತು ಕಂಡರೂ ತಾವೊಮ್ಮೆ ಹಾಕಿ ನೋಡಬೇಕು. ನನ್ನ ಕನ್ನಡಕ, ಮಗನ ಕಿವಿಗೆ ಹಾಕುವ ಹೆಡ್‌ಫೋನು, ವಾಚ್‌ಮನ್ನನ ಟೋಪಿ, ಎಲ್ಲ ಆಗಿದೆ. ಸೊಸೈಟಿಯ ಕಾರ್ಯದರ್ಶಿಗೆ ಬೆನ್ನುನೋವು ಬಂದಾಗ ಅವರ ಸೊಂಟದ ಬೆಲ್ಟನ್ನೂ ಸುತ್ತಿಕೊಂಡು, "ಗಟ್ಟಿ ಉಂಟು" ಅಂತ ಸರ್ಟಿಫಿಕೇಟ್ ಕೊಟ್ಟಿದ್ದರು. ನನ್ನನ್ನು ನಿಜಕ್ಕೂ ಕೆರಳಿಸುವುದೆಂದರೆ, ನನಗೆ ಆಗದ ಪ್ರತಿಯೊಂದು ಜಾಕೆಟ್ಟೂ ಅವರಿಗೆ ಹೇಳಿ ಹೊಲಿಸಿದ ಹಾಗೆ ಕೂರುತ್ತದೆ. ಅವರ ಬಳಿ ಬೈಕಿಲ್ಲ, ಸೈಕಲ್ಲೂ ಇಲ್ಲ.

ಮೊನ್ನೆ, ಮೇ ತಿಂಗಳ ಮಧ್ಯಾಹ್ನ. ವಾಪಸ್ ಕಳಿಸಲೆಂದು ಮಡಿಸಿಟ್ಟ ಜಾಕೆಟ್ಟನ್ನು ಶೆಟ್ರು ನೋಡಿಬಿಟ್ಟರು.

"ಒಮ್ಮೆ ಹಾಕಿ ನೋಡ್ತೇನೆ ಮಾರಾಯ್ರೇ."

"ಪಿಕಪ್ಪಿನವನು ಬರ್ತಾನೆ, ಶೆಟ್ರೇ."

"ಬರ್ಲಿ, ಎರಡು ನಿಮಿಷ."

ಬೈಕ್ ಜಾಕೆಟ್ಟಿಗೆ ಜಿಪ್ಪು ಕೂರಿಸಿದ್ದು 1928ರಲ್ಲಿ, ನ್ಯೂಯಾರ್ಕಿನ ಇರ್ವಿಂಗ್ ಶಾಟ್. ಪುಣ್ಯಾತ್ಮ ಗುಂಡಿಯಲ್ಲೇ ನಿಲ್ಲಿಸಬಹುದಿತ್ತು. ಶೆಟ್ರು ಗಂಟಲವರೆಗೆ ಎಳೆದ ಜಿಪ್ಪು ಒಳಗಿನ ಲೈನಿಂಗ್ ಕಚ್ಚಿಕೊಂಡು ನಿಂತಿತು. ಮೇಲೂ ಇಲ್ಲ, ಕೆಳಗೂ ಇಲ್ಲ. ಚಳಿಗೆಂದು ಹಾಕಿದ್ದ ಒಳಪದರ ಬೇರೆ. ಶೆಟ್ರ ಹಣೆಯಿಂದ ಬೆವರು ಧಾರೆಧಾರೆ.

ಆಗ ಬಾಗಿಲ ಬೆಲ್ ಆಯಿತು.

"ಕಾಕಾ, ಪ್ರಾಡಕ್ಟ್ ಕುಠೆ ಆಹೆ?" ಪ್ರಾಡಕ್ಟ್ ಎಲ್ಲಿದೆ ಅಂತ ಪಿಕಪ್ಪಿನ ಹುಡುಗ.

ನಾನು ಶೆಟ್ರತ್ತ ಕೈ ತೋರಿಸಿದೆ. ಹುಡುಗ ಬಹಳ ಕಂಡವನಿರಬೇಕು, ನಗಲಿಲ್ಲ. ಅವನ ಆ್ಯಪಿಗೆ ನಾಲ್ಕೂ ಕಡೆಯ ಫೋಟೊ ಬೇಕಂತೆ. ಶೆಟ್ರು ನಿಧಾನ ತಿರುಗಿದರು: ಎದುರು, ಎಡ, ಬೆನ್ನು, ಬಲ. ಎಡಗಡೆಯ ಫೋಟೊಕ್ಕೆ ಕೂದಲು ಬೇರೆ ಸರಿಮಾಡಿಕೊಂಡರು. ಟ್ಯಾಗ್ ಕುತ್ತಿಗೆಯ ಹಿಂದೆ ನೇತಾಡುತ್ತಿತ್ತು, ಒದ್ದೆಯಾಗಿ. ಹುಡುಗ ಅದನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, 'ಯೂಸ್ಡ್ ಪ್ರಾಡಕ್ಟ್' ಅಂತ ಒತ್ತಿ, ಒಂದು ಲೋಟ ನೀರು ಕುಡಿದು ಹೋದ.

ನನಗೆ ಬಂದ ಸಿಟ್ಟು ಇಷ್ಟಷ್ಟಲ್ಲ. ಆದರೆ ಎದುರಿಗಿರುವವರು ಎಪ್ಪತ್ತು ದಾಟಿದವರು, ಅದೂ ಜಾಕೆಟ್ಟಿನೊಳಗೆ. ಫ್ಯಾನಿನಡಿ ಕೂರಿಸಿ, ಜಿಪ್ಪಿನ ಹಲ್ಲಿಗೆ ಮೇಣದಬತ್ತಿ ಉಜ್ಜತೊಡಗಿದೆ. ಸುಮ್ಮನೆ ಕೂರಲಾಗದೆ ಅವರೇ ಮಾತು ತೆಗೆದರು. ಚಿಕ್ಕ ಹುಡುಗನಾಗಿ ಮುಂಬೈಯ ಫೋರ್ಟ್ ಪ್ರದೇಶದ ಹೋಟೆಲಿಗೆ ಬಂದು ಟೇಬಲ್ ಒರೆಸುತ್ತಿದ್ದ ಕಾಲ. ಧಣಿಗಳ ಮಕ್ಕಳ ಹಳೆಯ ಅಂಗಿಗಳ ಗಂಟು ದೀಪಾವಳಿಗೆ ಬರುತ್ತಿತ್ತಂತೆ. "ಕಂಡ ಕೂಡ್ಲೆ ಹಾಕಿ ನೋಡ್ಬೇಕು. ಇಲ್ಲಾಂದ್ರೆ ಮತ್ತೊಬ್ಬ ಹಾಕ್ತಾನೆ. ನನ್ನ ಅಳತೆಗೆ ಅಂತ ಅಂಗಿ ಹೊಲಿಸಿದ್ದು ಮದುವೆಗೇ." ನನ್ನ ಕೈ ಒಂದು ಕ್ಷಣ ನಿಧಾನವಾಯಿತು.

ಜಿಪ್ಪು ಬಿಟ್ಟಿತು. ಶೆಟ್ರು ಜಾಕೆಟ್ಟು ಕಳಚಿ, ಕೊಡವಿ, ಕೈಯಲ್ಲಿ ತೂಗಿ ನೋಡಿದರು.

"ಇದು ಇನ್ನು ವಾಪಸ್ ಹೋಗುದಿಲ್ಲ ಅಲ್ವಾ?"

"ಇಲ್ಲ."

"ಹಾಗಾದ್ರೆ ನನಗೇ ಇರ್ಲಿ. ಆದ್ರೆ ರೇಟು ಅರ್ಧ ಮಾಡಿ ಮಾರಾಯ್ರೇ, ಯೂಸ್ ಮಾಡಿದ ಮಾಲಲ್ವಾ?"